ಗರ್ಟಿಯ ಕಣ್ಣೀರು

ನಿಂತ ನಿಲುವನ್ನು ಬರೆಯುವ ಚಿತ್ರಗಾರರು ಲೋಕದಲ್ಲಿ ಬಹುಮಂದಿ. ಗೆರೆಗೆ ನಡೆಯನ್ನೂ ಮುನಿಸನ್ನೂ ಕಲಿಸಿದವರು ವಿರಳ. ಅಂಥವರಲ್ಲಿ ಅಮೆರಿಕದ ವಿನ್ಸರ್ ಮೆಕೇ ಮೊದಲ ಸಾಲಿನವನು. ವೃತ್ತಪತ್ರಿಕೆಗಳ ವ್ಯಂಗ್ಯಚಿತ್ರಗಳಿಂದ ಹೆಸರಾಗಿದ್ದ ಈತ 1911ರಲ್ಲಿ ತನ್ನ ಚಿತ್ರಕಥೆಯ ಬಾಲಕ ನೀಮೋವನ್ನೂ, 1912ರಲ್ಲಿ ಒಂದು ಸೊಳ್ಳೆಯನ್ನೂ ತೆರೆಯ ಮೇಲೆ ಚಲಿಸುವಂತೆ ಮಾಡಿದ್ದನು. 1914ರಲ್ಲಿ ಬಂದವಳು ಗರ್ಟಿ, ಒಂದು ಹೆಣ್ಣು ಡೈನೋಸಾರ್.

ಆ ವರ್ಷದ ಫೆಬ್ರವರಿಯಲ್ಲಿ ಶಿಕಾಗೋ ನಗರದ ರಂಗಮಂದಿರದಲ್ಲಿ ಮೆಕೇ ಚಾವಟಿ ಹಿಡಿದು ತೆರೆಯ ಪಕ್ಕದಲ್ಲಿ ನಿಂತು ಕರೆದನು. ಬಂಡೆಗಳ ಮರೆಯಿಂದ ಗರ್ಟಿ ನಾಚುತ್ತ ಬಂದಳು. ನಮಸ್ಕರಿಸೆಂದರೆ ತಲೆಬಾಗಿದಳು, ಕಾಲೆತ್ತೆಂದರೆ ಎತ್ತಿದಳು. ಹಠ ಮಾಡಿದಾಗ ಯಜಮಾನ ಗದರಿದನು. ಗುಡ್ಡದಂಥ ಆ ಪ್ರಾಣಿ ಎಳೆಯ ಮಗುವಿನಂತೆ ಅತ್ತುಬಿಟ್ಟಿತು! ಕೊನೆಯಲ್ಲಿ ಮೆಕೇ ತೆರೆಯ ಹಿಂದೆ ಸರಿದನು. ಅದೇ ಗಳಿಗೆಯಲ್ಲಿ ಚಿತ್ರದೊಳಗೆ ಕಾಣಿಸಿಕೊಂಡ ಪುಟ್ಟ ಮೆಕೇಯನ್ನು ಗರ್ಟಿ ಹೊತ್ತು ನಡೆದಳು.

ಈ ಕೆಲವೇ ನಿಮಿಷಗಳ ವಿನೋದದ ಹಿಂದೆ ಇದ್ದುದು ತಪಸ್ಸು. ಬರೆದ ಹಾಳೆಗಳು ಸುಮಾರು 10,000. ಹಿನ್ನೆಲೆಯನ್ನು ಒಮ್ಮೆ ಬರೆದು ಅದರ ಮೇಲೆ ಪಾರದರ್ಶಕ ಹಾಳೆಯನ್ನಿಡುವ ಉಪಾಯ ಇನ್ನೂ ಬಳಕೆಗೆ ಬಂದಿರಲಿಲ್ಲ. ಆದಕಾರಣ ಬೆಟ್ಟ, ಮರ, ಕೆರೆಗಳನ್ನು ಪ್ರತಿಯೊಂದು ಹಾಳೆಯಲ್ಲಿಯೂ ಮತ್ತೆ ಬರೆಯಬೇಕಾಯಿತು. ಆ ದುಡಿಮೆಗೆ ಹೆಗಲು ಕೊಟ್ಟವನು ಜಾನ್ ಫಿಟ್ಜ್‌ಸಿಮನ್ಸ್ ಎಂಬ ತರುಣ. ಗರ್ಟಿಯ ಉಸಿರಾಟಕ್ಕಾಗಿ ಮೆಕೇ ಗಡಿಯಾರವಿಟ್ಟುಕೊಂಡು ತನ್ನ ಉಸಿರನ್ನೇ ಅಳೆದನು.

ಎಷ್ಟು ಎಚ್ಚರದಿಂದ ಬರೆದರೂ ಎರಡು ಗೆರೆಗಳು ಒಂದೇ ಆಗವು. ಆದ್ದರಿಂದಲೇ ತೆರೆಯ ಮೇಲೆ ಅಚಲವಾದ ಬಂಡೆಯೂ ಸಣ್ಣಗೆ ನಡುಗುತ್ತದೆ. ಕುಶಲಿಗೆ ಅದು ದೋಷ. ರಸಿಕನಿಗೆ ಅದೇ ಸೊಗಸು, ಹಾಳೆಯ ಮೇಲೆ ಒಂದು ಕೈ ಓಡಾಡಿತ್ತೆಂಬುದಕ್ಕೆ ಸಾಕ್ಷಿ.

ಮುಂದೆ ಈ ಕಲೆ ಕಾರ್ಖಾನೆಯ ಕ್ರಮಕ್ಕೆ ಒಗ್ಗಿತು. ಒಬ್ಬನು ರೂಪ ಬರೆದರೆ ಮತ್ತೊಬ್ಬನು ಶಾಯಿ ತೀಡುವನು, ಮಗದೊಬ್ಬನು ಬಣ್ಣ ತುಂಬುವನು. ಚಲನೆ ನುಣುಪಾಯಿತು, ಚಿತ್ರಗಳು ಲೆಕ್ಕವಿಲ್ಲದಷ್ಟು ಬಂದವು. ಕಲೆಯಾಗಿ ಹುಟ್ಟಿದ್ದು ಬರಿಯ ಕಸುಬಾಯಿತೆಂದು ಮೆಕೇ ನೊಂದುಕೊಂಡನೆಂದು ಹೇಳುತ್ತಾರೆ. ಆ ದೂರಿನಲ್ಲಿ ಅರ್ಧ ಸತ್ಯವುಂಟು. ಹಲವು ಕೈಗಳು ಸೇರದಿದ್ದರೆ ದೀರ್ಘ ಚಿತ್ರಗಳು ಹುಟ್ಟುತ್ತಿರಲಿಲ್ಲ, ನಿಜ. ಆದರೆ ತನ್ನ ಉಸಿರನ್ನಳೆದು ಗೆರೆಗೆ ಕೊಡುವ ಏಕಾಂತದ ಪ್ರೀತಿಯನ್ನು ಹಂಚಿ ಮಾಡಿಸುವುದು ಸುಲಭವಲ್ಲ.

ಮೆಕೇ 1934ರಲ್ಲಿ ತೀರಿಕೊಂಡನು. ಆ ಹತ್ತು ಸಾವಿರ ಹಾಳೆಗಳಲ್ಲಿ ಹೆಚ್ಚಿನವು ಕಳೆದುಹೋದವು. ಗರ್ಟಿ ಮಾತ್ರ ಇಂದಿಗೂ ಬಂಡೆಯ ಮರೆಯಿಂದ ನಾಚುತ್ತ ಬರುತ್ತಾಳೆ, ಗದರಿದರೆ ಅಳುತ್ತಾಳೆ.