ಹೇಳದೆ ಬಿಟ್ಟ ಮಾತು

ಹೊನ್ನಾಳಿಯ ತನ್ನ ಮನೆಯಲ್ಲಿಯೇ ಕೇಕು, ಬಿಸ್ಕತ್ತು ಮಾಡಿ ಮಾರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ಒಂದು ಈ-ಮೇಲ್ ತೋರಿಸಿದಳು. ಜಗಳೂರಿನ ಸಮಾರಂಭಕ್ಕೆ ಐವತ್ತು ಕೇಕು ಬೇಕಂತೆ. ಹಣ ಮುಂಗಡವಾಗಿಯೇ ಬರುವುದಂತೆ. ರುಚಿ ಯಾವುದು, ಮೊಟ್ಟೆ ಹಾಕುವಿರಾ, ದರವೆಷ್ಟು—ಒಂದು ಪ್ರಶ್ನೆಯೂ ಇಲ್ಲ! ಚನ್ನಗಿರಿ, ನ್ಯಾಮತಿಗಳ ಗಿರಾಕಿ ಚೌಕಾಸಿ ಮಾಡದೆ ಕೊಂಡದ್ದುಂಟೆ? ಕೊನೆಯಲ್ಲಿ, ಹಣ ಪಡೆಯಲು ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕೆಂಬ ಸೂಚನೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಒತ್ತಿದರೆ ಹೋಗುವುದು ನಮ್ಮ ಹಣವೇ.

“ಸಂಶಯಪಟ್ಟರೆ ಗಿರಾಕಿಗೆ ಅವಮಾನವಾಗದೆ, ಸಾರ್?” ಎಂದಳು. ಇಲ್ಲ. ನಿಜವಾದ ಗಿರಾಕಿ ಮರುಪ್ರಶ್ನೆಗೆ ಮುನಿಯನು; ಮೋಸಗಾರನು ಅವಸರಪಡಿಸುವನು. ಮೋಸಹೋದವರು ನಾಚಿ ಕೂರದೆ ಕೂಡಲೇ 1930ಕ್ಕೆ ತಿಳಿಸಬೇಕು.

ಕಾವ್ಯದಲ್ಲಿ ಹೇಳದೆ ಬಿಟ್ಟುದನ್ನೂ ಓದಿರೆಂದು ನಾವು ತರಗತಿಯಲ್ಲಿ ಬೋಧಿಸುತ್ತೇವೆ. ಆ ಓದು ಒಬ್ಬ ಹೆಣ್ಣುಮಗಳ ಅಡುಗೆಮನೆಯ ಸಂಪಾದನೆಯನ್ನು ಕಾಯದಿದ್ದರೆ ನಮ್ಮ ಪಾಠ ಅಪೂರ್ಣವೆಂದೇ ನನ್ನ ಅಭಿಮತ.