ಚೀಟಿ ಓದಿದ ಹುಡುಗಿಗೆ ಉತ್ತರ ಕೊಡುವವರು ಯಾರು?

ಮಕ್ಕಳ ಗ್ರಾಮಸಭೆ ನಮ್ಮ ಯಡ್ರಾಮಿ ಸೀಮೆಗೆ ಹೊಸದಲ್ಲ. ರಾಜ್ಯದಲ್ಲಿ 2006ರಿಂದಲೂ ಅದಕ್ಕೆ ಸರ್ಕಾರಿ ಸುತ್ತೋಲೆಯ ಬಲವಿದೆ. ಆದರೆ ಬಹಳಷ್ಟು ಕಡೆ ಅದು ನಡೆಯುವ ರೀತಿ ನೋಡಿ: ಶಾಮಿಯಾನದ ಕೆಳಗೆ ಹಿರಿಯರ ಕುರ್ಚಿ, ಎದುರಿಗೆ ಬಿಸಿಲಲ್ಲಿ ಮಕ್ಕಳ ಸಾಲು. ಏಳನೇ ತರಗತಿಯ ಹುಡುಗಿಯೊಬ್ಬಳು ಮೇಷ್ಟ್ರು ಬರೆದುಕೊಟ್ಟ ಚೀಟಿ ಹಿಡಿದು, ಶೌಚಾಲಯಕ್ಕೆ ಬಾಗಿಲಿಲ್ಲ ಎಂದು ಒಂದೇ ಉಸಿರಿನಲ್ಲಿ ಓದುತ್ತಾಳೆ. ಪಿಡಿಒ ಬರೆದುಕೊಳ್ಳುತ್ತಾರೆ. ಚಪ್ಪಾಳೆ, ಫೋಟೊ, ಬಿಸ್ಕತ್ತು. ಬಾಗಿಲು ಬರದಿದ್ದರೆ ಆ ಹುಡುಗಿ ಕಲಿಯುವ ಪಾಠ ಒಂದೇ: ಮಾತಾಡಿದರೂ ಅಷ್ಟೇ, ಆಡದಿದ್ದರೂ ಅಷ್ಟೇ. ಆಮೇಲೆ ಅವಳನ್ನು ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಕಳಿಸಿ ಧೈರ್ಯ ತುಂಬಲು ಹೊರಡುತ್ತೇವೆ! ತನ್ನ ಮಾತಿನಿಂದ ಊರಲ್ಲಿ ಏನೋ ಒಂದು ಬದಲಾಯಿತು ಎಂದು ಕಣ್ಣಾರೆ ಕಂಡ ಮಗುವಿಗೆ ಧೈರ್ಯವನ್ನು ಬೇರೆ ಯಾರೂ ತುಂಬಬೇಕಿಲ್ಲ. ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ 1995ರಷ್ಟು ಹಿಂದೆಯೇ ಮಕ್ಕಳ ಪಂಚಾಯಿತಿ ಹುಟ್ಟಿತು. ಆ ತಾಲ್ಲೂಕಿನ ಮಕ್ಕಳು ಮುಂದೆ ಮನೆಮನೆ ಸುತ್ತಿ ಮಾಹಿತಿ ಕಲೆಹಾಕಿ, ಪಂಚಾಯಿತಿಗಳ ಪಂಚವಾರ್ಷಿಕ ಯೋಜನೆಗೂ ಕೈಹಚ್ಚಿದರು. ಅಲ್ಲಿ ಕೂಲಿಗೆ ಹೋಗುವ ಮಕ್ಕಳೂ ಇದ್ದರು ಎಂಬುದನ್ನು ಮರೆಯಬಾರದು. ಬೇರೆಯವರ ಕಷ್ಟವನ್ನು ಎಣಿಸಿ ಬರೆದ ಮಗುವಿಗೆ ಸಮಾಜದ ಪಾಠವನ್ನು ಪುಸ್ತಕದಿಂದ ಓದಿಸಬೇಕಾಗಿರಲಿಲ್ಲ.

ಮೊದಲು ಪಾಸಾಗಲಿ, ಸಭೆಯ ಮಾತು ಆಮೇಲೆ ಎನ್ನುವವರಿದ್ದಾರೆ. ಅವರ ಆತಂಕ ಸುಳ್ಳಲ್ಲ. 2025ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶದೊಂದಿಗೆ ರಾಜ್ಯಕ್ಕೇ ಕೊನೆಯಾಯಿತು. ಅಪ್ಪ-ಅವ್ವ ಗುಳೆ ಹೋದಾಗ, ಹತ್ತಿ ಬಿಡಿಸುವ ದಿನಗಳು ಬಂದಾಗ ಬೆಂಚುಗಳು ಖಾಲಿಯಾಗುತ್ತವೆ. ಶಿಕ್ಷಕರ ಕೊರತೆಯನ್ನು ಯಾವ ಮಕ್ಕಳ ಸಭೆಯೂ ನೀಗಿಸಲಾರದು. ಆದರೆ ತರಗತಿಯಲ್ಲಿ ‘ತಿಳೀಲಿಲ್ರೀ ಸರ್’ ಎನ್ನಲು ಹೆದರುವ ಮಗು ಐದನೇ ತರಗತಿಯ ಭಾಗಾಕಾರವನ್ನು ಹತ್ತನೇ ತರಗತಿಯವರೆಗೂ ಹೊತ್ತು ತರುತ್ತದೆ. ಪ್ರಶ್ನೆ ಕೇಳುವ ರೂಢಿಯೂ ಓದಿನದೇ ಭಾಗ. ಅದನ್ನು ಪಾಸಾದ ಮೇಲೆ ಕಲಿಸಲು ಕಾಯುವುದು, ಈಜು ಬಂದ ಮೇಲೆ ಹೊಳೆಗಿಳಿ ಎಂದಂತೆ.

ದೊಡ್ಡವರ ಮುಂದೆ ಹುಡುಗರು ಎದುರಾಡುವುದು ನಮ್ಮ ಸಂಸ್ಕೃತಿಯಲ್ಲ ಎಂಬ ಮಾತು ಇನ್ನೊಂದು. ಯಾವ ಸಂಸ್ಕೃತಿ? ಇಲ್ಲೇ ಪಕ್ಕದ ಕಡಕೋಳದಲ್ಲಿ ತತ್ವಪದಕಾರ ಮಡಿವಾಳಪ್ಪನವರು ಜಾತಿಯನ್ನೂ ಡಾಂಭಿಕತನವನ್ನೂ ಪ್ರಶ್ನಿಸಿ ಹಾಡಿದರು. ಚನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪನವರು ಅವರ ಶಿಷ್ಯರು. ಈ ಸೀಮೆಯ ಭಜನೆಗಳಲ್ಲಿ ಆ ತತ್ವಪದಗಳನ್ನು ಇವತ್ತಿಗೂ ತಲೆದೂಗಿ ಕೇಳುವ ಹಿರಿಯರಿಗೆ ಹುಡುಗಿಯೊಬ್ಬಳ ಬಾಗಿಲಿನ ಪ್ರಶ್ನೆ ಉದ್ಧಟತನವಾಗಿ ಕೇಳಿಸಿದರೆ ತಪ್ಪು ಹುಡುಗಿಯದಲ್ಲ.

2018ರಲ್ಲಿ ತಾಲ್ಲೂಕಾದ ಯಡ್ರಾಮಿಗೆ ಇನ್ನೂ ಎಷ್ಟೋ ಕಚೇರಿ, ಕಟ್ಟಡ ಬೇಕು. ಮಕ್ಕಳ ಗ್ರಾಮಸಭೆಗೆ ಮಾತ್ರ ಕಟ್ಟಡ ಬೇಕಿಲ್ಲ. ಚೀಟಿ ಬರೆದುಕೊಡುವುದನ್ನು ಮೇಷ್ಟ್ರು ಬಿಡಲಿ. ಪ್ರತಿ ಸಭೆ ಹೋದ ವರ್ಷದ ನಡಾವಳಿಯಿಂದಲೇ ಶುರುವಾಗಲಿ: ಏನು ಕೇಳಿದ್ದರು, ಯಾವುದು ಆಯಿತು, ಆಗದ್ದು ಯಾಕೆ ಆಗಲಿಲ್ಲ. ಅದನ್ನು ಪಿಡಿಒ ಎದ್ದು ನಿಂತು ಓದಲಿ. ಬಾಗಿಲು ಕೇಳಿದ ಹುಡುಗಿ ಅಷ್ಟೊತ್ತಿಗೆ ಎಂಟನೇ ತರಗತಿಗೆಂದು ಬೇರೆ ಶಾಲೆ ಸೇರಿರಬಹುದು. ಅವತ್ತು ಅವಳನ್ನೂ ಕರೆಸಿ ಕೂರಿಸಲಿ.