ಮೊದಲ ಕಿವಿ ಯಾರದು?

ಹೋದ ತಿಂಗಳು ಸ್ವಾರಗೇಟದ ಬಸ್‌ಸ್ಟ್ಯಾಂಡಿನಲ್ಲಿ ವಿಜಯಪುರದ ಬಸ್ಸಿನಿಂದ ಅಕ್ಕ ಇಳಿದಳು. ಜೊತೆಗೆ ಒಂಬತ್ತು ವರ್ಷದ ಮಗ. ಹುಟ್ಟಿನಿಂದಲೇ ಅವನ ಬಲಗಿವಿಯ ಜಾಗದಲ್ಲಿರುವುದು ಸಣ್ಣದೊಂದು ಚರ್ಮದ ಗಂಟು. ವೈದ್ಯರು ಇದನ್ನು ಮೈಕ್ರೋಷಿಯಾ ಎನ್ನುತ್ತಾರೆ. ಪಕ್ಕೆಲುಬಿನ ಮೃದ್ವಸ್ಥಿಯನ್ನು ತೆಗೆದು, ಕಿವಿಯಾಕಾರಕ್ಕೆ ಕೆತ್ತಿ, ಚರ್ಮದಡಿ ಕೂರಿಸಬೇಕು. ಪುಣೆಯ ಆಸ್ಪತ್ರೆಗೆ ಹೋಗುವಾಗ ಅಕ್ಕ ರಿಕ್ಷಾದಲ್ಲಿ ಕೇಳಿದ್ದು ಒಂದೇ ಮಾತು: “ತಮ್ಮಾ, ಕಲಿಯೋ ಡಾಕ್ಟರು ಇವನ ಮ್ಯಾಲೇ ಕೈ ಪಳಗಿಸಿಕೊಂಡ್ರ ಹೆಂಗ?”

ಅವಳ ಅಂಜಿಕೆಗೆ ಅರ್ಥವಿದೆ. ನಾನು ಬರೆದ ಕೋಡ್ ಟೆಸ್ಟ್ ಸರ್ವರ್ ದಾಟದೆ ಗ್ರಾಹಕರನ್ನು ಮುಟ್ಟುವುದಿಲ್ಲ. ಕೆಟ್ಟರೆ ಹಳೆಯ ಆವೃತ್ತಿಗೆ ಮರಳಬಹುದು. ಮಗುವಿನ ಪಕ್ಕೆಲುಬಿಗೆ ಹಳೆಯ ಆವೃತ್ತಿ ಇಲ್ಲ. ತಪ್ಪಾಗಿ ಕೆತ್ತಿದ ಮೃದ್ವಸ್ಥಿ ಮತ್ತೆ ಸಿಗದು.

ಮಾದರಿಯ ಮೇಲೆ ಕಲಿಯುವುದು ನಮಗೆ ಹೊಸದೇನಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 9ನೇ ಅಧ್ಯಾಯ ಇದಕ್ಕೇ ಮೀಸಲು. ಕೊಯ್ಯುವುದನ್ನು ಬೂದುಗುಂಬಳ, ಸೋರೆಕಾಯಿಯ ಮೇಲೆ ಕಲಿಯಬೇಕು. ಕಿವಿ ಜೋಡಿಸುವುದನ್ನು ಮೆತ್ತನೆಯ ಮಾಂಸ, ನೈದಿಲೆಯ ದಂಟಿನ ಮೇಲೆ. ಪುಣೆಗೂ ಇಂಥದೊಂದು ನೆನಪಿದೆ. ಟಿಪ್ಪುವಿನ ಜೊತೆಗಿನ ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡ ಗಾಡಿ ಹೊಡೆಯುವ ಕವಾಸ್ಜಿಗೆ ಈ ಊರಿನ ಹತ್ತಿರವೇ ಹೊಸ ಮೂಗು ಕಟ್ಟಿದರು. 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಅದನ್ನು ಅಚ್ಚು ಹಾಕಿತು. ಅಲ್ಲಿಯೂ ಮೊದಲು ಮೇಣದಲ್ಲಿ ಮೂಗು ಮಾಡಿ, ಆ ಅಳತೆಗೆ ಹಣೆಯ ಚರ್ಮ ಬಿಡಿಸಿದ್ದರು.

ಇಂದು ಸಿ.ಟಿ. ಸ್ಕ್ಯಾನ್‌ನಿಂದ ಪಕ್ಕೆಲುಬಿನ ಅಚ್ಚನ್ನು ತ್ರೀಡಿ ಪ್ರಿಂಟರಿನಲ್ಲಿ ತೆಗೆದು ಸಿಲಿಕೋನ್ ಎರೆಯಬಹುದು. ಕಲಿಯುವವರು ಅದನ್ನು ಕೆತ್ತಿ, ಸಣ್ಣ ತಂತಿಯಿಂದ ಬಿಗಿದು, ಇನ್ನೊಂದು ಕಿವಿಯ ನಕ್ಷೆಯ ಪಕ್ಕ ಇಟ್ಟು ನೋಡಬಹುದು. ಕೆಟ್ಟರೆ ಹೋಗುವುದು ಸಿಲಿಕೋನ್ ಮಾತ್ರ. ಅಚ್ಚು ಸಿಗದ ಕಡೆ ಆಲೂಗಡ್ಡೆ, ಸೋಪು ಇದ್ದೇ ಇವೆ. ಮಾದರಿಗೆ ರಕ್ತವಿಲ್ಲ, ತೆಳುಚರ್ಮವಿಲ್ಲ, ನಿಜ. ಅದಕ್ಕೇ ಅದು ಗುರುವಿನ ಬದಲಿ ಅಲ್ಲ, ಗುರುವಿನ ಮುಂದೆ ನಿಲ್ಲುವ ಮೊದಲಿನ ಅಭ್ಯಾಸ.

ನಮ್ಮ ವೈದ್ಯರು ಅಕ್ಕನ ಪ್ರಶ್ನೆಗೆ ಸಿಡುಕಲಿಲ್ಲ. ಖಾನೆ ತೆರೆದು ಶಿಷ್ಯರು ಕೆತ್ತಿದ ಕಿವಿಗಳನ್ನು ಸಾಲಾಗಿ ಇಟ್ಟರು. ಮೊದಲನೆಯದು ಕಜ್ಜಾಯದಂತಿತ್ತು, ಕೊನೆಯದು ಕಿವಿಯಂತೆಯೇ ಇತ್ತು. ಅಕ್ಕ ತಾರೀಖು ಬರೆಸಿಕೊಂಡಳು.

ಪ್ಲಾಸ್ಟಿಕ್ ಸರ್ಜರಿ ಕಲಿಸುವ ಪ್ರತಿ ಕಾಲೇಜಿನಲ್ಲೂ ಇಂಥದೊಂದು ಖಾನೆ ಇರಲಿ. ಅದು ತುಂಬುವವರೆಗೆ ಮಗುವಿನ ಮೃದ್ವಸ್ಥಿಗೆ ಶಿಷ್ಯರ ಚಾಕು ಬೇಡ.